ತಾರಸಿ ಸೋರಿದ ಪ್ರಸಂಗ

ನಮ್ಮ ಬನ್ನಿಮಂಟಪದ ಮನೆ ಈ ಮಳೆಗಾಲದಲ್ಲೂ ಸೋರಿತು. ದೇವರಮನೆಯಲ್ಲಿ ತೊಟ ತೊಟ.. ಕೆಳಗೆ ಅಮ್ಮನ ಬಕೆಟ್. ವಿಜಯದಶಮಿಗೆ ಪಂಜಿನ ಕವಾಯತು ನೋಡೋಕೆ ನೆಂಟರೆಲ್ಲ ಇಳಿಯೋದು ನಮ್ಮಲ್ಲೇ. ಎರಡು ಸಲ ವಾಟರ್‌ಪ್ರೂಫ್ ಬಣ್ಣ ಬಳಿಸಿದ್ದೆ, ಹೊಳೇಲಿ ಹುಣಸೇಹಣ್ಣು ತೊಳೆದ ಹಾಗಾಯ್ತು.

ಈ ಸಲ ಬಂದ ಗಾರೆ ಮೇಸ್ತ್ರಿ ಬಿರುಕಿನ ಕಡೆ ನೋಡಲೇ ಇಲ್ಲ. ತಾರಸಿ ಮೇಲೆ ಒಂದು ಕೊಡ ನೀರು ಸುರಿದು ಸುಮ್ಮನೆ ನಿಂತರು. ಪೈಪಿನ ಕಡೆ ಹೊರಟ ನೀರು ಅರ್ಧದಲ್ಲೇ ನಿಂತುಬಿಡ್ತು. ಸರಿಯಾಗಿ ದೇವರಮನೆ ನೆತ್ತಿ ಮೇಲೆ, ಸೋಲಾರ್ ಹೀಟರಿಗೆಂದು ನಾನೇ ಕಟ್ಟಿಸಿದ ಇಟ್ಟಿಗೆ ಕಟ್ಟೆ ಹತ್ತಿರ! "ನೀರಿಗೆ ದಾರಿ ಬಿಡೋ" ಅಂತ ಅಪ್ಪ ಆಗಲೇ ಹೇಳಿದ್ದರು. ಇಂಜಿನಿಯರ್ ನಾನಲ್ವಾ, ಕೇಳಿರಲಿಲ್ಲ. (ಸಾಫ್ಟ್‌ವೇರ್ ಇಂಜಿನಿಯರ್ ಅನ್ನೋದು ಬೇರೆ ಮಾತು.)

ಕಟ್ಟೆ ಒಡೆಸಿ ಹೀಟರನ್ನು ಕಬ್ಬಿಣದ ಸ್ಟ್ಯಾಂಡ್ ಮೇಲೆ ಕೂರಿಸಿದ್ವಿ. ಹತ್ತಡಿಗೆ ಒಂದೂಕಾಲು ಇಂಚು ಇಳಿಜಾರು ಬರೋ ಹಾಗೆ ಹೊಸ ಗಾರೆ, ಪ್ಯಾರಪೆಟ್ ಬುಡಕ್ಕೂ ಗುಂಡಗೆ ಮೆತ್ತಿದ್ದಾಯ್ತು. ಗಟ್ಟಿಯಾದ ಮೇಲೆ ಪೈಪಿನ ಬಾಯಿಗೆ ಬಟ್ಟೆ ತುರುಕಿ ಒಂದು ಹಗಲು ಒಂದು ರಾತ್ರಿ ನೀರು ನಿಲ್ಲಿಸಿದ್ವಿ. ಅಮ್ಮ ಮಾತ್ರ ಬಕೆಟ್ ಎತ್ತಲಿಲ್ಲ. ಬೆಳಿಗ್ಗೆ ನೋಡಿದರೆ ಒಂದು ಹನಿಯೂ ಇಲ್ಲ!

ಮಂಡಿನೋವಿನ ಅಪ್ಪ ಮೆಟ್ಟಿಲ ಕೆಳಗಿಂದಲೇ, "ಪೈಪಿಗೆ ಜಾಲರಿ ಹಾಕಿದ್ಯೇನೋ? ಎಲೆ ಕಟ್ಕೊಳ್ಳತ್ತೆ" ಅಂದರು.

ಹಾಕಿರಲಿಲ್ಲ.. ಇವತ್ತು ಸಂಜೆ ತರಬೇಕು.