ಚೆಂಡಾಟವೂ ಕನ್ನಡದ ಪಾಠವೂ

ಆಷಾಢವೆಂದರೆ ಮೋಡ, ಗಾಳಿ, ತುಂತುರು ಎಂದು ಬಲ್ಲ ನಮಗೆ ಮಗನ ಮನೆಯಿರುವ ಕ್ಯಾಲಿಫೋರ್ನಿಯದ ಆಷಾಢವು ಬಲು ವಿಚಿತ್ರವಾಗಿ ತೋರಿತು. ಸನ್ನಿವೇಲ್ ಪಟ್ಟಣದಲ್ಲಿ ಒಂದು ಹನಿ ಮಳೆಯಿಲ್ಲ. ಮೈಮೇಲಿನ ಅಂಗಿಯೇ ಭಾರವೆನಿಸುವ ಬಿಸಿಲು. ಅಲ್ಲಿಂದ ಉತ್ತರಕ್ಕೆ ಒಂದು ಗಂಟೆಯ ದಾರಿ ಹೋದರೆ ಸಾನ್‌ಫ್ರಾನ್ಸಿಸ್ಕೋ ನಗರದಲ್ಲಿ ಶಾಲು ಹೊದೆಯಬೇಕಾದ ಚಳಿ. ಆ ತೀರದ ಸಮುದ್ರಜಲವು ಬೇಸಗೆಯಲ್ಲಿಯೂ ತಣ್ಣಗಿರುತ್ತದೆ. ಒಳನಾಡಿನ ಕಣಿವೆ ಕಾದು ಅಲ್ಲಿಯ ಗಾಳಿ ಮೇಲಕ್ಕೇರಿದಂತೆಲ್ಲ, ಗೋಲ್ಡನ್ ಗೇಟ್ ಎಂಬ ಸಂದಿನಿಂದ ಕಡಲ ಗಾಳಿಯು ಮಂಜನ್ನು ಹೊತ್ತು ಒಳನುಗ್ಗುತ್ತದೆ. ಜುಲೈ ತಿಂಗಳಲ್ಲಿ ಉಣ್ಣೆಯ ಟೋಪಿ ಧರಿಸಿದ ನಮ್ಮನ್ನು ಕಂಡು ಅಲ್ಲಿ ಯಾರೂ ನಗಲಿಲ್ಲ.

ನಾವು ಅಲ್ಲಿಗೆ ಹೋದದ್ದು ಹತ್ತು ವರ್ಷದ ಮೊಮ್ಮಗನೊಡನೆ ಬೇಸ್‌ಬಾಲ್ ನೋಡುವುದಕ್ಕೆ. ಕ್ರಿಕೆಟ್ ಬಲ್ಲವರಿಗೆ ಈ ಆಟವು ಅರ್ಧ ತಿಳಿಯುತ್ತದೆ. ಆ ಅರ್ಧವೇ ದಾರಿ ತಪ್ಪಿಸುತ್ತದೆ. ದಾಂಡಿಗನು ‘ಹೋಮ್’ ಎಂಬ ತಾಣದಿಂದ, ಎಂದರೆ ಮನೆಯಿಂದ, ಹೊರಟು 90 ಅಡಿಗಳ ಅಂತರದಲ್ಲಿರುವ ಮೂರು ನೆಲೆಗಳನ್ನು ಮುಟ್ಟಿ ಮರಳಿ ಮನೆ ಸೇರಿದರೆ ಒಂದು ಓಟ. ಸುತ್ತುವುದು ಎಡಕ್ಕಾದುದರಿಂದ ಇದನ್ನು ಪ್ರದಕ್ಷಿಣೆಯೆನ್ನುವಂತಿಲ್ಲ. ಆದರೆ ಆ ಚೆಂಡಿಗೆ ಕೈಯಿಂದ ಹಾಕುವ ಜೋಡಿ ಹೊಲಿಗೆಗಳು ಸರಿಯಾಗಿ 108 ಎಂದು ತಿಳಿದಾಗ ನಮ್ಮ ಗೌರವ ತುಸು ಹೆಚ್ಚಿತೆಂಬುದು ನಿಜ.

ಮೊಮ್ಮಗನು ಒಂದು ವಿಚಿತ್ರ ವಾರ್ತೆಯನ್ನೂ ಹೇಳಿದನು. 2001ನೆಯ ಮಾರ್ಚ್ 24ರಂದು ಅರಿಜೋನದ ಟೂಸಾನಿನಲ್ಲಿ ರ‍್ಯಾಂಡಿ ಜಾನ್ಸನ್ ಎಂಬ ಪ್ರಸಿದ್ಧನು ಎಸೆದ ಚೆಂಡಿಗೆ ಪಾರಿವಾಳವೊಂದು ಅಡ್ಡಬಂದು, ರೆಕ್ಕೆಪುಕ್ಕಗಳು ಚೆದರಿ ಸತ್ತಿತಂತೆ. ಆ ಎಸೆತವನ್ನು ಲೆಕ್ಕಕ್ಕೇ ಹಿಡಿಯಲಿಲ್ಲವಂತೆ. ನಾವು ಆ ಭಾನುವಾರ ಮಕ್ಕಳಿಗೆ ಕ್ರೌಂಚಪಕ್ಷಿಯ ಕಥೆಯನ್ನು ಹೇಳಿದೆವು. ಅಲ್ಲಿ ಬೇಡನ ಬಾಣವು ಲೆಕ್ಕಕ್ಕೆ ಬಂದಿತು. ವಾಲ್ಮೀಕಿಯ ಬಾಯಿಂದ ಶ್ಲೋಕವೂ ಬಂದಿತು.

ಆ ಊರಿನ ಕನ್ನಡಿಗರ ಮಕ್ಕಳಿಗೆ ಭಾನುವಾರ ಬೆಳಿಗ್ಗೆ ಪಾಠ ಹೇಳುವ ಕೆಲಸ ನಮ್ಮ ಪಾಲಿಗೆ ಬಂದಿದೆ. ಹನ್ನೆರಡು ಮಕ್ಕಳು. ಕನ್ನಡದಲ್ಲಿ ಕೇಳಿದರೆ ತಿಳಿಯುತ್ತದೆ, ಉತ್ತರ ಮಾತ್ರ ಇಂಗ್ಲಿಷಿನಲ್ಲಿ. ನಿನ್ನೆ ಮಾಡಿದ ಒಂದು ಕೆಲಸವನ್ನು ಬರೆಯಿರಿ ಎಂದೆವು. ಹನ್ನೊಂದು ಮಂದಿ ‘ನಾನು ಊಟ ಮಾಡಿದೆನು’ ಎಂದು ಬರೆದರು. ನಮ್ಮ ಮೊಮ್ಮಗನು ‘ನಿನ್ನೆ ನಾನು ಮನೆಯನ್ನು ಕದ್ದೆನು’ ಎಂದು ಬರೆದು ಗಟ್ಟಿಯಾಗಿ ಓದಿದನು. ಹಿಂದೆ ಕುಳಿತಿದ್ದ ಒಬ್ಬ ಅಜ್ಜಿಯು ಗಾಬರಿಗೊಂಡರು. ಎದುರಾಳಿಗಳ ಕಣ್ಣು ತಪ್ಪಿಸಿ ಮೂರನೆಯ ನೆಲೆಯಿಂದ ಓಡಿಬಂದು ಓಟ ಗಳಿಸುವುದಕ್ಕೆ ಅವರ ಪರಿಭಾಷೆಯಲ್ಲಿ ಹಾಗೆಯೇ ಹೇಳುವುದು. ದ್ವಿತೀಯಾ ವಿಭಕ್ತಿ ಸರಿ, ಕ್ರಿಯಾಪದ ಸರಿ. ನಾವು ಕೆಂಪು ಶಾಯಿಯನ್ನು ಮುಟ್ಟಲಿಲ್ಲ. ಉಳಿದವರದು ಪಾಠದ ವಾಕ್ಯ. ಅವನದು, ತಾನೇ ಹೇಳಬೇಕೆಂದು ಹೇಳಿದ ಮಾತು.

ಹೀಗಿರಲು, ಅವನ ಆಟದ ಅಭ್ಯಾಸವೂ ಭಾನುವಾರ ಬೆಳಿಗ್ಗೆಯೇ ಎಂದು ಗೊತ್ತಾಯಿತು. ಪಾಠ ಬಿಡಲಿ ಎಂದು ಮಗ, ಆಟ ಬಿಡಲಿ ಎಂದು ಸೊಸೆ. “ನೀವು ಹೇಳಿದರೆ ಅವನು ಕೇಳುತ್ತಾನೆ, ಮಾವ” ಎಂದಳು ಆಕೆ. ಕೇಳುತ್ತಿದ್ದನು, ಸಂದೇಹವಿಲ್ಲ. ಆದರೆ ಕನ್ನಡದ ದೆಸೆಯಿಂದ ಆಟ ತಪ್ಪಿತೆಂಬ ಕಹಿಯು, ಸೆಪ್ಟೆಂಬರಿನಲ್ಲಿ ನಾವು ಮೈಸೂರಿಗೆ ಹಿಂದಿರುಗಿದ ಮೇಲೆಯೂ ಉಳಿಯುತ್ತಿತ್ತು. ಪಾಠವನ್ನು ಸಾಯಂಕಾಲ ನಾಲ್ಕಕ್ಕೆ ಬದಲಿಸಿದೆವು. ಆ ವೇಳೆಯು ಒಗ್ಗದೆ ಇಬ್ಬರು ಮಕ್ಕಳು ಬಿಟ್ಟುಹೋದರು; ಅದರ ನೋವು ನಮಗಿದೆ.

ಈಗ ಬೆಳಿಗ್ಗೆ ಮೈದಾನದ ಪಕ್ಕದ ಬೆಂಚಿನ ಮೇಲೆ ಕುಳಿತಿರುತ್ತೇವೆ. ಆಟ ಮುಗಿದ ಮೇಲೆ ಅವನು ನಡೆದುದನ್ನೆಲ್ಲ ಕನ್ನಡದಲ್ಲಿ ವಿವರಿಸಬೇಕೆಂಬುದು ಒಪ್ಪಂದ. ಪಿಚ್ಚರನಿಗೆ ‘ಎಸೆಗಾರ’, ಕ್ಯಾಚರನಿಗೆ ‘ಹಿಡಿಗಾರ’ ಎಂದು ಅವನೇ ಹೆಸರಿಟ್ಟನು. ಎರಡನೆಯ ಮೂರನೆಯ ನೆಲೆಗಳ ನಡುವೆ ನಿಲ್ಲುವ ಶಾರ್ಟ್‌ಸ್ಟಾಪನಿಗೆ ‘ಮಧ್ಯಪಾಲಕ’ನೆಂಬ ಹೆಸರನ್ನು ನಾವು ಸೂಚಿಸಿದೆವು.

“ಬೇಡ ತಾತಾ, ಅಷ್ಟು ಹೊತ್ತಿಗೆ ಚೆಂಡು ಹೋಗಿಬಿಡುತ್ತೆ” ಎಂದನು.