ಬಾಗಿಲಿನ ಒಳಗಿನ ಹಾಡು

ತೀರ್ಥಹಳ್ಳಿಯ ಸೀಮೆಯಲ್ಲಿ ನಮ್ಮ ಬಾಲ್ಯದ ದೀಪಾವಳಿ ಪಟಾಕಿಯ ಹಬ್ಬವಾಗಿರಲಿಲ್ಲ. ಬಚ್ಚಲಿನ ಹಂಡೆಯನ್ನು ಹುಣಸೆಹಣ್ಣಿನಿಂದ ತಿಕ್ಕಿ, ಅದರ ಕೊರಳಿಗೆ ಹಿಂಡ್ಲೆಬಳ್ಳಿ ಸುತ್ತಿ, ಹೊಸ ನೀರು ತುಂಬಿದ ಸಂಜೆಯೇ ಹಬ್ಬದ ಆರಂಭ. ಪಾಡ್ಯದ ಬೆಳಿಗ್ಗೆ ಅಜ್ಜಯ್ಯ ಸಿದ್ದೆಯ ಬಾಯಿಯನ್ನು ಜೇಡಿ, ಕೆಮ್ಮಣ್ಣುಗಳಲ್ಲಿ ಅದ್ದಿ ದನಗಳ ಮೈಮೇಲೆ ಉಂಗುರಗಳನ್ನು ಒತ್ತುತ್ತಿದ್ದರು. ಅಡಕೆ, ಪಚ್ಚೆತೆನೆ, ಚೆಂಡುಹೂವಿನ ಸರ ಕೊರಳಿಗೆ ಬಿದ್ದೊಡನೆ ಒಂದರ ಸರಕ್ಕೆ ಇನ್ನೊಂದು ಬಾಯಿ ಹಾಕುತ್ತಿತ್ತು. ಅದನ್ನು ಬಿಡಿಸುವುದು ಮಕ್ಕಳ ಕೆಲಸ.

ಆದರೆ ನಾವು ಕಾಯುತ್ತಿದ್ದುದು ರಾತ್ರಿ ಬರುವ ಅಂಟಿಗೆ-ಪಂಟಿಗೆಯವರಿಗಾಗಿ. ಊರಿನ ಗಂಡಸರು ಗದ್ದೆಯಂಚಿನಲ್ಲಿ, ಆರದಂತೆ ಕಾಪಾಡಿದ ಒಂದು ದೀಪವನ್ನು ಹಿಡಿದು, ಮನೆಯಿಂದ ಮನೆಗೆ ಹಾಡುತ್ತ ಬರುವರು. ನಾವು ಹೆಬ್ಬಾಗಿಲನ್ನು ಮುಚ್ಚಿಕೊಂಡೇ ಇರಬೇಕು. ಅಂಗಳದಲ್ಲಿ ನಿಂತು ಅವರು ಬಾಗಿಲು ತೆರೆಸುವ ಪದ ಹಾಡಿದ ಮೇಲೆಯೇ ಅಗುಳಿ ಸರಿಯುತ್ತಿತ್ತು. ಬಳಿಕ ಅವರ ದೀಪಕ್ಕೆ ನಮ್ಮ ಎಣ್ಣೆ, ನಮ್ಮ ಹಣತೆಗೆ ಅವರ ಬೆಂಕಿ. ಬಲೀಂದ್ರನ ಕತೆಯ ಹಾಡು ಮುಗಿದರೆ ಅಕ್ಕಿ, ತೆಂಗಿನಕಾಯಿ, ಕಾಣಿಕೆ ಪಡೆದು ಅವರು ಮುಂದಿನ ಮನೆಗೆ ಹೊರಡುವರು.

ನನಗೆ 10 ವರ್ಷವಾದಾಗ, ಆಷಾಢದ ಮಳೆಯಲ್ಲಿ ಅಜ್ಜಯ್ಯ ತೀರಿಕೊಂಡರು. ವರ್ಷ ತುಂಬುವವರೆಗೆ ಹಬ್ಬವಿಲ್ಲವೆಂದು ಹಿರಿಯರು ಹೇಳಿದರು. ದನಗಳ ಮೈ ಬರಿದಾಗಿಯೇ ಉಳಿಯಿತು. ಆ ರಾತ್ರಿ ಮೇಲಿನ ಮನೆಯ ಹಾಡು ಸ್ಪಷ್ಟವಾಗಿ ಕೇಳಿಸಿತು. ಕಿಟಕಿಯಿಂದ ನೋಡುತ್ತಿದ್ದೆ: ದೀಪ ಇಳಿದು ಬಂದು, ನಮ್ಮ ಮನೆಯ ದಾರಿ ಕವಲೊಡೆಯುವಲ್ಲಿ ಕ್ಷಣಕಾಲ ನಿಂತು, ಸದ್ದಿಲ್ಲದೆ ಮುಂದೆ ಸಾಗಿತು.

ಬಾಗಿಲಿನ ಒಳಗೆ, ಕತ್ತಲಲ್ಲಿ ಕುಳಿತಿದ್ದ ಅಜ್ಜಿ ಆಗ ಬಾಗಿಲಿನ ಪದವನ್ನು ಮೆಲ್ಲಗೆ ಗುನುಗತೊಡಗಿದಳು. ಮೊದಲಿನಿಂದ ಕೊನೆಯವರೆಗೆ, ಎಲ್ಲಿಯೂ ತಡವರಿಸದೆ. ಆಕೆಗೆ ಆ ಪದ ಬರುತ್ತದೆಂಬುದು ಮನೆಯಲ್ಲಿ ಯಾರಿಗೂ ಗೊತ್ತಿರಲಿಲ್ಲ. "ನಿಂಗೆ ಯಾರು ಕಲಿಸಿದ್ದಜ್ಜಿ?" ಎಂದೆ. "ಐವತ್ತು ವರ್ಷ ಬಾಗಿಲ ಹಿಂದೆ ನಿಂತಿದ್ದೀನಲ್ಲ ಮಗಾ" ಎಂದಳು.

ಮುಂದೆ ಜನಪದ ಸಾಹಿತ್ಯದ ವಿದ್ಯಾರ್ಥಿಯಾಗಿ ನಾನು ಟೇಪ್ ರೆಕಾರ್ಡರ್ ಹೊತ್ತು ಅದೇ ಸೀಮೆಯಲ್ಲಿ ಅಲೆದೆ. ಬಾಗಿಲಿನ ಪದದ 3 ಪಾಠಗಳನ್ನು ಸಂಗ್ರಹಿಸಿದೆ. ಮೂರೂ ಅಂಗಳದಲ್ಲಿ ನಿಂತು ಹಾಡುವವರವು. 'ಪುರುಷರ ಹಾಡು' ಎಂದು ವರ್ಗೀಕರಿಸಿ ಅಂಕವನ್ನೂ ಪಡೆದೆ. ಅಜ್ಜಿಯನ್ನು ಮುಂದಿನ ರಜೆಯಲ್ಲಿ ಕೇಳಿದರಾಯಿತೆಂದುಕೊಂಡಿದ್ದೆ. ಮನೆಯವರೇ ತಾನೇ, ಎಲ್ಲಿಗೆ ಹೋಗುತ್ತಾರೆ ಎಂಬ ಧೈರ್ಯ. ಆ ರಜೆಗೆ ಮೊದಲೇ ಆಕೆ ಹೋದಳು.

ಪಾಠಗಳನ್ನು ಹೋಲಿಸಲು ಕುಳಿತಾಗಲೇ ನಷ್ಟದ ಅಳತೆ ತಿಳಿದದ್ದು. ಮೂರರಲ್ಲಿಯೂ ಹೊರಗಿನವರು ಬೇಡುತ್ತಾರೆ, ಬಾಗಿಲು ತೆರೆಯುತ್ತದೆ. ಅಜ್ಜಿಯ ಗುನುಗಿನಲ್ಲಾದರೋ ಒಳಗಿನಿಂದ ಒಂದು ಉತ್ತರವೂ ಇತ್ತು. ಹಾಗೆಂದು ನನ್ನ ನೆನಪು. ಅದರ ಧಾಟಿ ಈಗಲೂ ಕಿವಿಯಲ್ಲಿದೆ, ಪದಗಳಿಲ್ಲ. ಅದು ಹಳೆಯ ಪಾಠವೊಂದರ ಉಳಿಕೆಯೋ, ಗಂಡನಿಲ್ಲದ ಮೊದಲ ದೀಪಾವಳಿಯಂದು ಆಕೆಯೇ ಕಟ್ಟಿಕೊಂಡದ್ದೋ ಹೇಳಲಾರೆ. ಸಂಶೋಧಕನಾಗಿ ಎರಡನೆಯದನ್ನು ಅನುಮಾನಿಸಬೇಕು. ಮೊಮ್ಮಗನಾಗಿ ಮನಸ್ಸು ಅತ್ತಲೇ ವಾಲುತ್ತದೆ.

ಆ ಕಡೆಗೆ ಕ್ಷೇತ್ರಕಾರ್ಯಕ್ಕೆ ಹೊರಡುವ ವಿದ್ಯಾರ್ಥಿಗಳಿಗೆ, ಜಗಲಿ ದಾಟಿ ಅಡುಗೆಮನೆಯಲ್ಲಿಯೂ ಒಮ್ಮೆ ವಿಚಾರಿಸಿ ಎನ್ನುತ್ತೇನೆ. ಇಬ್ಬರು ಅಜ್ಜಿಯರು ಪದವನ್ನು ಪೂರ್ತಿ ಹೇಳಿದ್ದಾರಂತೆ. ಉತ್ತರದ ಭಾಗ ಇನ್ನೂ ಸಿಕ್ಕಿಲ್ಲ.