ಕಾರಣ ಕೇಳುವ ಆಸೆ

ನನ್ನೊಳಗೆ ಒಂದು ಆಸೆಯಿದೆ. ಯಾರಿಗಾದರೂ ನೆರವಾಗುವ ಮೊದಲು ಅವರ ಕಷ್ಟದ ಕಥೆಯನ್ನು ಪೂರ್ತಿ ಕೇಳಬೇಕು, ಕೇಳಿ ಮನಸ್ಸು ಕರಗಬೇಕು, ಆಮೇಲೆ ಕೈಹಿಡಿಯಬೇಕು. ಬಹಳ ಕಾಲ ಇದನ್ನು ಕರುಣೆ ಎಂದೇ ತಿಳಿದಿದ್ದೆ. ಹದಿನಾರರಿಂದ ಇಪ್ಪತ್ತೆರಡರ ನಡುವಿನ ಮಕ್ಕಳೊಂದಿಗೆ ದಿನವೂ ಒಡನಾಡುತ್ತ, ಇದು ಬರೀ ಕರುಣೆಯಲ್ಲ ಎಂದು ಅನ್ನಿಸತೊಡಗಿದೆ.

ಪಿಯು ಕಾಲೇಜಿನಲ್ಲಿ ಕನ್ನಡ ಪಾಠ ಮಾಡಿ ನಿವೃತ್ತನಾದವನು ನಾನು. ಕೆಲವು ಗೆಳೆಯರು ಸೇರಿ ನಮ್ಮ ಊರಿನ ಬಸ್ ನಿಲ್ದಾಣದ ಹಿಂದೆ ಒಂದು ಕೋಣೆ ಹಿಡಿದಿದ್ದೇವೆ. ಸಂಜೆ ನಾಲ್ಕಕ್ಕೆ ಬಾಗಿಲು ತೆರೆದರೆ ಎಂಟರವರೆಗೆ ಯಾರಾದರೂ ಇದ್ದೇ ಇರುತ್ತೇವೆ. ಬರುವವರಲ್ಲಿ ಹೆಚ್ಚಿನವರದು ಕಾಗದದ ಕೆಲಸ. ಹಾಸ್ಟೆಲ್ ಅರ್ಜಿ, ಆದಾಯ ಪ್ರಮಾಣಪತ್ರ, ಪರೀಕ್ಷಾ ಶುಲ್ಕ. ‘ಸ್ಕಾಲರ್‌ಶಿಪ್ ಸ್ಯಾಂಕ್ಷನ್ ಅಂತ ತೋರಿಸ್ತಿದೆ ಸರ್, ದುಡ್ಡು ಬಂದಿಲ್ಲ’ ಎಂದು ಬರುವವರ ಖಾತೆಗೆ ಆಧಾರ್ ಜೋಡಣೆಯೇ ಆಗಿರುವುದಿಲ್ಲ. ಎಲ್ಲಕ್ಕಿಂತ ಕಠಿಣವಾದದ್ದು ವರ್ಷದ ಆರಂಭ. ಕಾಲೇಜು ಶುರುವಾಗಿಬಿಡುತ್ತದೆ, ಹಾಸ್ಟೆಲಿನ ಆಯ್ಕೆ ಪಟ್ಟಿ ಬಂದಿರುವುದಿಲ್ಲ. ಪಟ್ಟಿಯಲ್ಲಿ ಹೆಸರು ಬಾರದ ಹಿಂದುಳಿದ ವರ್ಗದ ಮಕ್ಕಳಿಗೆ ಊಟ, ವಸತಿಗೆಂದು ತಿಂಗಳಿಗಿಷ್ಟು ಹಣ ಕೊಡುವ ವಿದ್ಯಾಸಿರಿ ಯೋಜನೆಯಿದೆ, ಒಳ್ಳೆಯ ಯೋಜನೆ. ಆದರೆ ಅದು ಕೈಸೇರುವವರೆಗೆ ಹಳ್ಳಿಯಿಂದ ಬಂದ ಹುಡುಗ ಎಲ್ಲಿ ಮಲಗಬೇಕು, ರಾತ್ರಿ ಏನು ತಿನ್ನಬೇಕು? ನೆಂಟರ ಮನೆಯಲ್ಲಿ ನಾಲ್ಕು ದಿನ, ಗೆಳೆಯನ ರೂಮಿನಲ್ಲಿ ನಾಲ್ಕು ದಿನ. ಓದು ಬಿಡುವ ತೀರ್ಮಾನ ಬಹುಮಟ್ಟಿಗೆ ಆ ವಾರಗಳಲ್ಲೇ ಆಗಿಹೋಗುತ್ತದೆ ಎನ್ನುವುದು ನನ್ನ ಅನುಭವ.

ಡಿಪ್ಲೊಮಾ ಓದುವ ಒಬ್ಬ ಹುಡುಗ ಬರುತ್ತಿದ್ದ. ಅವನಿಗೆ ಯಾವ ಅರ್ಜಿಯೂ ಬೇಕಿರಲಿಲ್ಲ. ‘ಸರ್, ಚಾರ್ಜಿಗೆ ಹಾಕ್ಕೋಬಹುದಾ?’ ಎಂದು ಕೇಳಿ, ಕಿಟಕಿಯ ಪಕ್ಕದ ಸಾಕೆಟ್ಟಿಗೆ ಮೊಬೈಲು ಸಿಕ್ಕಿಸಿ, ಗೋಡೆಗೆ ಒರಗಿ ಕೂರುತ್ತಿದ್ದ. ವೈರಿನ ತುದಿಗೆ ಸುತ್ತಿದ್ದ ಪ್ಲಾಸ್ಟರು ಬಿಚ್ಚಿಕೊಂಡಿತ್ತು; ಅದನ್ನೇ ಮತ್ತೆ ಮತ್ತೆ ಒತ್ತಿ ಅಂಟಿಸುವನು. ಎಂಟು ಗಂಟೆಗೆ ಎದ್ದು, ಚಪ್ಪಲಿ ಮೆಟ್ಟಿ ಹೊರಡುವನು. ಅವನಿರುವಷ್ಟು ಹೊತ್ತೂ ನನ್ನ ಬಾಯಲ್ಲಿ ಪ್ರಶ್ನೆಗಳು ಕುದಿಯುತ್ತಿದ್ದವು. ಯಾವೂರು? ಅಪ್ಪ ಏನು ಮಾಡ್ತಾರೆ? ಮನೆಗೆ ಯಾಕೆ ಹೋಗಲ್ಲ? ನಮ್ಮಲ್ಲಿ ಲೆಕ್ಕಪತ್ರ ನೋಡಿಕೊಳ್ಳುವ ಅಕ್ಕ ಯಾವ ಪ್ರಶ್ನೆಯನ್ನೂ ಕೇಳದೆ ಇದ್ದವರಿಗೆಲ್ಲ ಒಗ್ಗರಣೆ ಅವಲಕ್ಕಿ ಕೊಡುವಾಗ ಅವನ ಮುಂದೆಯೂ ಒಂದು ತಟ್ಟೆ ಇಡುತ್ತಿದ್ದರು. ಒಂದು ದಿನ ಅವನೇ ಬಾಯಿಬಿಟ್ಟ: ‘ಭಾನುವಾರನೂ ತೆಗೀತೀರಾ?’ ಅಷ್ಟೇ. ಅಂದಿನಿಂದ ಭಾನುವಾರವೂ ತೆಗೆಯುತ್ತೇವೆ. ಅವನ ಕೋರ್ಸು ಮುಗಿಯಿತು, ಊರು ಬಿಟ್ಟ. ಅವನ ಮನೆಯಲ್ಲಿ ಏನಿತ್ತೋ ನನಗೆ ತಿಳಿಯಲಿಲ್ಲ. ತಿಳಿಯಬೇಕು ಎಂದು ಈಗಲೂ ಅನ್ನಿಸುತ್ತದೆ. ಈ ಅನ್ನಿಸಿಕೆಯನ್ನೇ ನಾನು ಇಲ್ಲಿ ಕೆದಕುತ್ತಿರುವುದು.

ನಾನು ಓದಿದ್ದು ಒಂದು ಉಚಿತ ವಿದ್ಯಾರ್ಥಿನಿಲಯದ ಅನ್ನ ತಿಂದು. ಆ ಅನ್ನವಿಲ್ಲದಿದ್ದರೆ ಎಂಟನೇ ತರಗತಿಗೇ ನನ್ನ ಓದು ನಿಲ್ಲುತ್ತಿತ್ತು. ಆ ಋಣ ಸಣ್ಣದಲ್ಲ. ದಾನಿಗಳು ಬರುವ ದಿನ ಪಾಯಸವಿರುತ್ತಿತ್ತು. ಎಲೆ ಹಾಕುವ ಮೊದಲು ನಮ್ಮಲ್ಲಿ ಕೆಲವರನ್ನು ಹೆಸರು ಹಿಡಿದು ಕರೆದು ಮುಂದೆ ನಿಲ್ಲಿಸುತ್ತಿದ್ದರು. ‘ಇವನಿಗೆ ತಂದೆಯಿಲ್ಲ. ತಾಯಿ ಕೂಲಿಗೆ ಹೋಗ್ತಾಳೆ. ಆದರೂ ಕ್ಲಾಸಿಗೇ ಮೊದಲು.’ ಬಂದವರು ತಲೆ ಸವರುವರು, ಯಾರೋ ಪೆನ್ನು ಕೊಡುವರು. ನಾನು ನೆಲದ ಕಡಪಾ ಕಲ್ಲು ನೋಡುತ್ತ ನಿಂತಿರುತ್ತಿದ್ದೆ. ಅವಮಾನವಾಗುತ್ತಿತ್ತು ಎಂದಷ್ಟೇ ಹೇಳಿದರೆ ಅರ್ಧ ಸತ್ಯ. ಯಾವ ಮುಖ ಹೊತ್ತು ನಿಂತರೆ ದೊಡ್ಡವರ ಕಣ್ಣು ಒದ್ದೆಯಾಗುತ್ತದೆ ಎಂಬುದನ್ನು ನಾನು ಬೇಗ ಕಲಿತೆ. ಹೆಸರು ಕರೆಯದ ದಿನ ಬೇಸರವೂ ಆಗುತ್ತಿತ್ತು.

ಅನ್ನ ಹಾಕಿ ಓದಿಸುವುದು ನಮ್ಮ ನಾಡಿಗೆ ಹೊಸತಲ್ಲ. ವಾರಕ್ಕೊಂದು ದಿನ ಒಂದೊಂದು ಮನೆಯಲ್ಲಿ ಉಂಡು ಓದುವ ವಾರಾನ್ನದಿಂದ ಎಷ್ಟೋ ಮಂದಿ ವಿದ್ವಾಂಸರಾದರು. ಆದರೆ ಆ ಮನೆಗಳ ಹೊಸ್ತಿಲು ದಾಟಲು ಜಾತಿ ಸರಿಯಿರಬೇಕಿತ್ತು. ದಲಿತರ ಮಕ್ಕಳಿಗೆ ಅಲ್ಲಿ ಎಲೆಯೇ ಇರಲಿಲ್ಲ. ಹಾಗಾಗಿಯೇ 1897ರಲ್ಲಿ ಮಂಗಳೂರಿನಲ್ಲಿ ಡಿಪ್ರೆಸ್ಡ್ ಕ್ಲಾಸಸ್ ಮಿಷನ್ ಕಟ್ಟಿ, ಸ್ವಂತ ಜನರಿಂದಲೇ ಬಹಿಷ್ಕಾರ ಅನುಭವಿಸಿದ ಕುದ್ಮುಲ್ ರಂಗರಾಯರ ಕೆಲಸ ನನಗೆ ಬಹಳ ದೊಡ್ಡದಾಗಿ ಕಾಣುತ್ತದೆ. ‘ನೀನು ಯಾರ ಮಗ’ ಎಂಬ ಪ್ರಶ್ನೆಗೆ ಬಂದ ಉತ್ತರದಿಂದಲೇ ಬಾಗಿಲು ಮುಚ್ಚಿಕೊಳ್ಳುತ್ತಿದ್ದ ಕಾಲದಲ್ಲಿ ಅವರು ಆ ಮಕ್ಕಳಿಗಾಗಿಯೇ ಬಾಗಿಲು ತೆರೆದರು. ನಾನಾದರೋ, ತೆರೆದ ಬಾಗಿಲಲ್ಲಿ ಕೂತು ಅದೇ ಪ್ರಶ್ನೆಯನ್ನು ಮೆಲುದನಿಯಲ್ಲಿ ಕೇಳಲು ಹವಣಿಸುತ್ತೇನೆ.

ಯಾಕೆ? ನನಗೆ ಹೊಳೆದ ಉತ್ತರವನ್ನು ಬರೆಯಲು ಕೈ ಹಿಂಜರಿಯುತ್ತದೆ. ನಾನು ತೆತ್ತ ಬೆಲೆಯನ್ನು ಇವರೂ ತೆರಲಿ ಎಂಬ ಆಸೆ ನನ್ನಲ್ಲಿ ಎಲ್ಲೋ ಕೂತಿದೆ. ಅನ್ನಕ್ಕೆ ನಾನು ಕಥೆ ಕೊಟ್ಟೆ. ಇವರು ಏನೂ ಕೊಡದೆ ತಟ್ಟೆ ಎಳೆದುಕೊಳ್ಳುವುದು ನನ್ನೊಳಗಿನ ಆ ಹುಡುಗನಿಗೆ ಸಹನೆಯಾಗುವುದಿಲ್ಲ.

ಹೀಗೆ ನೋಡತೊಡಗಿದ ಮೇಲೆ ಸರ್ಕಾರದ ಕೆಲವು ಏರ್ಪಾಡುಗಳು ನನಗೆ ಬೇರೆಯಾಗಿಯೇ ಕಂಡವು. ಯುವ ಸಬಲೀಕರಣ ಮತ್ತು ಕ್ರೀಡಾ ಇಲಾಖೆ ನಿಮ್ಹಾನ್ಸ್ ಜೊತೆಗೂಡಿ ನಡೆಸುವ, ಯುವಜನರ ಮನಸ್ಸಿನ ಕಷ್ಟಗಳಿಗೆ ಕಿವಿಗೊಡುವ ಯುವ ಸ್ಪಂದನ ಕೇಂದ್ರಗಳಿರುವುದು ಜಿಲ್ಲಾ ಕ್ರೀಡಾಂಗಣಗಳಲ್ಲಿ. ಆಸ್ಪತ್ರೆಯ ಮನೋರೋಗ ವಿಭಾಗದ ಮುಂದೆ ಕೂತಿದ್ದರೆ ಪರಿಚಯದವರಾರೋ ನೋಡಿ ಮನೆಗೆ ಸುದ್ದಿ ಮುಟ್ಟಿಸುತ್ತಾರೆ. ಸ್ಟೇಡಿಯಮ್ಮಿಗೆ ಹೋದವನನ್ನು ಯಾರೂ ಏನೂ ಕೇಳುವುದಿಲ್ಲ. ಅಲ್ಲಿ ಮಾತಿಗೆ ಸಿಗುವ ಯುವ ಪರಿವರ್ತಕರಿಗೆ ಅದಕ್ಕೆಂದೇ ತರಬೇತಿ ಆಗಿರುತ್ತದೆ. 2022ರ ಅಕ್ಟೋಬರಿನಲ್ಲಿ ಶುರುವಾದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್‌ನ 14416ಕ್ಕೆ ಹಗಲಿರುಳು ಯಾವಾಗ ಬೇಕಾದರೂ ಕರೆ ಮಾಡಬಹುದು, ಕನ್ನಡದಲ್ಲೇ ಮಾತಾಡಬಹುದು, ಖರ್ಚಿಲ್ಲ. ಈ ನಂಬರನ್ನು ನಮ್ಮ ಗೋಡೆಯ ಮೇಲೆ ದೊಡ್ಡದಾಗಿ ಬರೆಸಿದ್ದೇವೆ. ‘ಬೇಕಿದ್ದವರು ಬರೆದುಕೊಳ್ಳಿ’ ಎಂದು ನಾವು ಹೇಳುವುದಿಲ್ಲ. ಎಲ್ಲರೆದುರು ಬರೆದುಕೊಳ್ಳುವ ಧೈರ್ಯ ಯಾರಿಗಿರುತ್ತದೆ?

ಹಾಗಂತ ಏನನ್ನೂ ಕೇಳದಿರುವುದೇ ದೊಡ್ಡ ಗುಣ ಎಂದು ಕೂರಲೂ ಬರುವುದಿಲ್ಲ. 2022ರ ಒಂದೇ ವರ್ಷದಲ್ಲಿ ದೇಶದಲ್ಲಿ 13,000ಕ್ಕೂ ಹೆಚ್ಚು ವಿದ್ಯಾರ್ಥಿಗಳು ಆತ್ಮಹತ್ಯೆ ಮಾಡಿಕೊಂಡರು. ಸಾಯುವ ಯೋಚನೆ ಬರುತ್ತಿದೆಯಾ ಎಂದು ಕೇಳಿದರೆ ಆ ಯೋಚನೆಯನ್ನು ನಾವೇ ತಲೆಗೆ ತುಂಬಿದಂತಾಗುತ್ತದೆ ಎಂಬ ಭಯ ನಮ್ಮಲ್ಲಿ ಹಲವರಿಗಿತ್ತು. ಹಾಗೇನೂ ಆಗುವುದಿಲ್ಲ, ನೇರವಾಗಿ ಕೇಳುವುದೇ ಒಳ್ಳೆಯದು ಎಂದು ಈ ಕ್ಷೇತ್ರದ ತಜ್ಞರೆಲ್ಲ ಹೇಳುತ್ತಾರೆ. ಹದಿನೆಂಟು ತುಂಬದ ಮಗುವಿನ ಮೇಲೆ ಲೈಂಗಿಕ ದೌರ್ಜನ್ಯವಾಗಿದೆ ಎಂದು ಗೊತ್ತಾದರೆ, 2012ರ ಪೋಕ್ಸೋ ಕಾಯ್ದೆಯ 19ನೇ ಕಲಮಿನ ಪ್ರಕಾರ ಪೊಲೀಸರಿಗೆ ತಿಳಿಸಲೇಬೇಕು. ಆದ್ದರಿಂದ ‘ನೀನು ಏನು ಹೇಳಿದರೂ ನನ್ನಲ್ಲೇ ಇರುತ್ತೆ’ ಎಂದು ಯಾವ ಮಗುವಿಗೂ ಮಾತು ಕೊಡುವ ಹಾಗಿಲ್ಲ. ಮಗುವಿನ ಜೀವಕ್ಕಾಗಿ ಕೇಳುವ ಪ್ರಶ್ನೆ ಬೇರೆ, ನನ್ನ ಮನಸ್ಸು ತುಂಬಿಕೊಳ್ಳಲು ಕೇಳುವ ಪ್ರಶ್ನೆ ಬೇರೆ. ಕೇಳುವ ಗಳಿಗೆಯಲ್ಲಿ ಎರಡೂ ಒಂದೇ ದನಿಯಲ್ಲಿ ಬರುತ್ತವೆ. ಯಾವುದು ಯಾವುದೆಂದು ನನಗೆ ಎಷ್ಟೋ ಸಲ ಆಮೇಲಷ್ಟೇ ತಿಳಿಯುತ್ತದೆ.

ಇನ್ನೊಂದನ್ನೂ ಹೇಳಬೇಕು. ದಾನಿಗಳಿಗೆ ವರ್ಷವರ್ಷ ವರದಿ ಕಳಿಸುವವನು ನಾನೇ. ‘ಒಂದೆರಡು ಮನಮುಟ್ಟುವ ಪ್ರಸಂಗ ಇರಲಿ ಮೇಷ್ಟ್ರೇ’ ಎನ್ನುತ್ತಾರೆ. ಮಕ್ಕಳ ಹೆಸರು ಬದಲಿಸಿ ಬರೆಯುತ್ತಿದ್ದೆ, ಚೆನ್ನಾಗಿಯೇ ಬರೆಯುತ್ತಿದ್ದೆ. ಓದಿದವರು ಫೋನ್ ಮಾಡಿ ಕಣ್ಣಲ್ಲಿ ನೀರು ಬಂತು ಎಂದಾಗ ಹಿಗ್ಗುತ್ತಿದ್ದೆ. ನನ್ನನ್ನು ಮುಂದೆ ನಿಲ್ಲಿಸಿ ಪರಿಚಯಿಸುತ್ತಿದ್ದವರ ಹಿಗ್ಗೂ ಇಂಥದ್ದೇ ಇದ್ದೀತು. ಅವರು ಕೆಟ್ಟವರೇನಲ್ಲ, ಅಕ್ಕಿಯ ಮೂಟೆ ಬರಬೇಕಿತ್ತು.

ಈ ಸಲದ ವರದಿಯಲ್ಲಿ ಲೆಕ್ಕ ಮಾತ್ರ ಬರೆದೆ. ಬಾಡಿಗೆ, ಕರೆಂಟು, ಅವಲಕ್ಕಿ, ಕಟ್ಟಿದ ಪರೀಕ್ಷಾ ಶುಲ್ಕ, ತುಂಬಿದ ಅರ್ಜಿಗಳು. ಕೆಲವರು ಎಂದಿನಂತೆ ಹಣ ಕಳಿಸಿದರು, ಕೆಲವರು ಉತ್ತರಿಸಲಿಲ್ಲ. ಹೊಸ ವರ್ಷದ ಪ್ರವೇಶ ಹತ್ತಿರ ಬಂದಿದೆ. ಹಾಸ್ಟೆಲ್ ಪಟ್ಟಿ ಬರುವವರೆಗಿನ ವಾರಗಳಿಗೆ ರಾತ್ರಿಯೂಟ ಆಗಬೇಕು, ಮಲಗಲು ಒಂದು ಜಾಗ ಆಗಬೇಕು. ಅದಕ್ಕೆ ಸಾಲುವಷ್ಟು ಹಣ ಇನ್ನೂ ಕೂಡಿಲ್ಲ. ನಾಳೆಯಿಂದ ಮನೆ ಮನೆಗೆ ಹೋಗುವವನಿದ್ದೇನೆ. ಯಾರಿಗೆ ಎಂದು ಕೇಳಿದರೆ, ನಮ್ಮ ಊರಿಗೆ ಓದಲು ಬಂದ ಮಕ್ಕಳಿಗೆ ಎಂದಷ್ಟೇ ಹೇಳುತ್ತೇನೆ.